ಬೇರಿಂಗಿಗೆ ಕೊಟ್ಟ ಕಿವಿ

ಹಳೆಯ ಕಾರು ಕೊಂಡವನಿಗೆ ಕಣ್ಣಿಗಿಂತ ಕಿವಿ ಚುರುಕಾಗುತ್ತದೆ. ಮಿಕ್ಕವರು ರಸ್ತೆ ನೋಡಿಕೊಂಡು ಓಡಿಸಿದರೆ ಅವನು ಸದ್ದು ಕೇಳಿಕೊಂಡು ಓಡಿಸುತ್ತಾನೆ. ಅಡಿಕೆಗೆ ಚಿನ್ನದ ಬೆಲೆ ಬಂದ ಆ ವರ್ಷ ನಮ್ಮ ನೆಂಟರಲ್ಲಿ ಬುದ್ಧಿ ಇದ್ದವರೆಲ್ಲ ಊರಂಚಿನ ಆಲ್ಕೊಳದ ಕಡೆ ಸೈಟು ಕೊಂಡರು. ನಾನು ನನ್ನ ಪಾಲಿನ ಅಡಿಕೆ ದುಡ್ಡಲ್ಲಿ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಬಾಗಿಲು, ಎರಡೇ ಸೀಟು. ಎಲ್ಲೋ ಪರದೇಶದಲ್ಲಿ ಹುಟ್ಟಿ, ಕಾಫಿ ತೋಟದ ಮಾಲೀಕರೊಬ್ಬರ ಕೈಯಲ್ಲಿ ಬಾಳಿ, ಕೊನೆಗೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನನ್ನ ಪಾಲಿಗೆ ಬಂದ ಕಾರು ಅದು. ವಿನೋಬನಗರದ ನಮ್ಮ ಮನೆ ಮುಂದೆ ಅದು ಬಂದು ನಿಂತ ದಿನ ಅಮ್ಮ ಗೇಟಿನ ಹತ್ತಿರವೇ ನಿಂತು, "ಮನೇಲಿರೋದು ನಾಲ್ಕು ಜನ, ಕಾರಲ್ಲಿ ಎರಡು ಸೀಟು. ಇವ್ನು ಲೆಕ್ಕದ ಮೇಷ್ಟ್ರಂತೆ!" ಎಂದು ಒಳಗೆ ಹೋದರು.

ಕೀ ಕೈಗಿಡುವಾಗ ತೋಟದ ಮಾಲೀಕರು ಒಂದು ಮಾತು ಹೇಳಿದ್ದರು. ಈ ಜಾತಿಯ ಕಾರುಗಳ ಇಂಜಿನ್ ಒಳಗೆ ಒಂದು ಬೇರಿಂಗ್ ಇದೆ, ಅದನ್ನು ಮಾತ್ರ ನಂಬುವ ಹಾಗಿಲ್ಲ, ಅದು ಪುಡಿಯಾದರೆ ಇಡೀ ಇಂಜಿನ್ನೇ ಗುಜರಿಗೆ ಎಂದು. ಅಲ್ಲಿಗೆ ನನ್ನ ನೆಮ್ಮದಿ ಹಾಳಾಯಿತು. ಪಕ್ಕದಲ್ಲಿ ಕೂತ ಹೆಂಡತಿ ಗಿರಿಜೆ "ರೀ, ನಿಮ್ಮನ್ನ ಒಂದು ಕೇಳ್ಬೇಕಿತ್ತು..." ಎಂದು ಬಾಯಿ ತೆರೆದರೆ ಸಾಕು, "ಶ್! ಸುಮ್ನಿರು ಮಾರಾಯ್ತಿ, ಇಂಜಿನ್ ಕೇಳ್ತಿದೀನಿ" ಎನ್ನುತ್ತಿದ್ದೆ. ಒಮ್ಮೆ ಭದ್ರಾವತಿಯಲ್ಲಿರುವ ಅವಳ ತವರಿಗೆ ಹೊರಟಾಗ ಮಲವಗೊಪ್ಪದ ಹತ್ತಿರ 'ಟಕ್' ಎಂದಿತು. ನನ್ನ ಜೀವ ಬಾಯಿಗೆ ಬಂತು. ನಿಲ್ಲಿಸಿ ನೋಡಿದರೆ ಅವಳ ಕಾಲ ಬಳಿ ಇದ್ದ ಚಕ್ಕುಲಿ ಡಬ್ಬಿ ಉರುಳಿತ್ತು. ಅಲ್ಲಿಂದ ಮುಂದೆ ಅವಳು ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಪರೀಕ್ಷೆಗೆ ಕೂತವಳ ಹಾಗೆ ಬಾಯಿ ಬಿಗಿದುಕೊಂಡು ಬಂದಳು. ತವರಿನ ಬಾಗಿಲಲ್ಲಿ ಇಳಿದವಳೇ, "ಆ ಬೇರಿಂಗು ಬದಲಾಯ್ಸಿ, ಇಲ್ಲಾ ಕಾರು ಮಾರಿಬಿಡಿ. ನಾನಂತೂ ಇನ್ನು ಬಸ್ಸಲ್ಲೇ ಬರ್ತೀನಿ. ಬಸ್ಸಲ್ಲಾದ್ರೆ ಪಕ್ಕದವ್ರು ಮಾತಾಡ್ತಾರೆ" ಎಂದಳು.

ಕಾರು ಮಾರುವುದೇ? ಅದಂತೂ ಆಗದ ಮಾತು. ಹೊಸ ಬೇರಿಂಗ್ ತರಿಸಿ ಭದ್ರಾವತಿಯ ಮೆಕ್ಯಾನಿಕ್ ಮುರುಗೇಶ್ ಅವರ ಗ್ಯಾರೇಜಿನಲ್ಲಿ ಕಾರು ಬಿಟ್ಟೆ. ಮುರುಗೇಶ್ ಬಾಯಿ ಮುಚ್ಚಿ ಕೆಲಸ ಮಾಡುವ ಜಾತಿಯವರಲ್ಲ. ಬಿಚ್ಚಿದ ಒಂದೊಂದು ಬೋಲ್ಟಿನ ಬಗ್ಗೆಯೂ ಭಾಷಣ. ಬಸ್ಸಲ್ಲೇ ಬಂದಿದ್ದ ಗಿರಿಜೆಯೂ ಟೀ ಕುಡಿಯುತ್ತಾ ಪಕ್ಕದಲ್ಲಿ ಕೂತಿದ್ದಳು. ಕಡೆಗೆ ಹಳೆಯ ಬೇರಿಂಗ್ ಹೊರಬಂತು. ಬೆರಳಲ್ಲಿ ತಿರುಗಿಸಿದರೆ ಗರಗರ ಎಂದಿತು. "ನಿಮ್ಮ ಪುಣ್ಯ ಸಾರ್. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಇಂಜಿನ್ ಹೋಗಿರ್ತಿತ್ತು."

ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಯಿತು! "ಅದಕ್ಕೇ ನಾನು ದಿನಾ ಸದ್ದು ಕೇಳ್ತಾನೇ ಇದ್ದೆ" ಎಂದೆ, ಗಿರಿಜೆಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ.

ಮುರುಗೇಶ್ ಗೊಳ್ಳೆಂದು ನಕ್ಕರು. "ಅಯ್ಯಯ್ಯೋ ಸಾರ್, ಇದ್ರ ಸದ್ದು ಹೊರಗೆ ಕೇಳಿಸ್ತು ಅಂದ್ರೆ ಆಗ್ಲೇ ಎಲ್ಲಾ ಮುಗೀತು ಅಂತ. ಅದಕ್ಕೆ ಮುಂಚೆ ಕೇಳೋಕೆ ಏನಿರುತ್ತೆ?"

ಗಿರಿಜೆ ಕೈಲಿದ್ದ ಟೀ ಲೋಟ ಕೆಳಗಿಟ್ಟಳು. "ಹಂಗಾದ್ರೆ ಇಷ್ಟು ದಿನ ನನ್ನ ಬಾಯಿ ಮುಚ್ಚಿಸಿದ್ದು ಯಾಕೆ?" ಎಂದಳು. ನಾನು ಅಲ್ಲಿದ್ದ ಹಳೇ ಟೈರುಗಳನ್ನು ನೋಡತೊಡಗಿದೆ.

ಹೊಸ ಬೇರಿಂಗ್ ಕೂತಿತು. ಊದುಬತ್ತಿ ಬೆಳಗಿ, ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಹಿಸುಕಿ ಹೊರಟೆವು. ಗ್ಯಾರೇಜಿನ ಗೇಟು ದಾಟಿದ್ದೇ ತಡ, ಗಿರಿಜೆ ಶುರು ಮಾಡಿದಳು. ಹಾಲಿನವನ ನೀರು, ತಂಗಿಯ ಗಂಡನ ಜಂಬ, ಮಗಳ ಟೀಚರು, ಕೂಡಿಟ್ಟಿದ್ದೆಲ್ಲ ಹೊರಗೆ ಬಂತು. ನನಗೋ ಎಷ್ಟು ಹಿತವಾಗಿತ್ತೆಂದರೆ, ಇಂಜಿನ್ ಇದೆ ಎಂಬುದೇ ಮರೆತುಹೋಯಿತು. ಮಲವಗೊಪ್ಪ ಬಂದಾಗ ಅವಳು ನನ್ನ ಕಡೆ ತಿರುಗಿ, "ರೀ, ನಿಮ್ಮನ್ನ ಒಂದು ಕೇಳ್ಬೇಕಿತ್ತು" ಎಂದಳು. ಈ ಸಲ ನಾನು ಶ್ ಎನ್ನಲಿಲ್ಲ. "ಈ ಕಾರು ಬಂದಾಗಿಂದ ಕೇಳೋಣ ಅಂತಿದ್ದೆ. ನಂಗೂ ಓಡ್ಸೋದು ಹೇಳ್ಕೊಡ್ತೀರಾ?"

ಆ ಖುಷಿಯಲ್ಲಿ ಯಾರು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ. ಹೂಂ ಎಂದೆ. ಈಗ ಭಾನುವಾರ ಬಂತೆಂದರೆ ಭದ್ರಾವತಿ ರಸ್ತೆಯಲ್ಲಿ ಅವಳು ಸ್ಟೀರಿಂಗ್ ಹಿಡಿದಿರುತ್ತಾಳೆ. "ಗಿರಿಜಾ, ಕ್ಲಚ್ ಸ್ವಲ್ಪ ನಿಧಾನ..." ಎನ್ನುವಷ್ಟರಲ್ಲಿ, "ಶ್! ಸುಮ್ನಿರಿ, ಇಂಜಿನ್ ಕೇಳ್ತಿದೀನಿ" ಎನ್ನುತ್ತಾಳೆ. ನಾನು ಚಕ್ಕುಲಿ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂರುತ್ತೇನೆ.