ರಸ್ತೆಯ ಈ ಬದಿಗೆ ಬಾರದ ಕೇಬಲ್

ಅರ್ಜಿ ಬರೆಯುವುದು ನನಗೆ ಹುಟ್ಟಿನಿಂದ ಬಂದ ಚಟ. ಸಾಲದ್ದಕ್ಕೆ ಊರಿನ ನಗರಸಭೆಯಲ್ಲಿ ಮೆಂಬರಾಗಿದ್ದವರ ಮಗಳನ್ನೇ ಮದುವೆಯಾದೆ. ಹಾಗಾಗಿ ಲಂಡನ್ನಿಗೆ ಬಂದ ಮೇಲೂ, ಯಾವ ಕೆಲಸ ಆಗಬೇಕಾದರೂ ವಾರ್ಡಿನ ಮೆಂಬರನ್ನು ಹಿಡಿಯಬೇಕೆಂಬ ನಂಬಿಕೆ ನನ್ನನ್ನು ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ಮಾತು. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ರಸ್ತೆಯ ನಟ್ಟನಡುವೆ ಎರಡು ಕೌನ್ಸಿಲ್‌ಗಳ, ಅಂದರೆ ಅಲ್ಲಿನ ನಗರಸಭೆಗಳ, ಗಡಿ ಹಾದುಹೋಗುತ್ತಿತ್ತು. ಆಚೆ ಬದಿಯ ಮನೆಗಳಿಗೆ ಕೇಬಲ್ ಟೀವಿ ಬಂತು, ನಮ್ಮ ಬದಿಗೆ ಬರಲಿಲ್ಲ. ನಮ್ಮ ಬದಿಯ ಹಕ್ಕು ಬೇರೊಂದು ಕಂಪನಿಯದಂತೆ. ಅದು ಇನ್ನೂ ಗುದ್ದಲಿಯನ್ನೇ ಎತ್ತಿರಲಿಲ್ಲ. ಡಿಶ್ ಹಾಕಿಸೋಣವೆಂದರೆ ಫ್ಲಾಟಿನ ಮಾಲೀಕ ಗೋಡೆ ಮುಟ್ಟಲು ಬಿಡುತ್ತಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಬೇಸಿಗೆ ಕಳೆಯಲು ಬಂದರು. ಆ ವರ್ಷ ಭಾರತದ ಪಂದ್ಯಗಳು ಬರುತ್ತಿದ್ದುದು ಕೇಬಲ್ ಅಥವಾ ಡಿಶ್ಶಿನಲ್ಲಿ ಮಾತ್ರ. ಕ್ರಿಕೆಟ್ ನೋಡದಿದ್ದರೆ ಅವರಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ದಿನವೂ ಕೋಟು ಹಾಕಿಕೊಂಡು ರಸ್ತೆ ದಾಟಿ, ಎದುರು ಮನೆಯ ಗುಜರಾತಿ ಪಟೇಲರ ಸೋಫಾದಲ್ಲಿ ಕೂರುತ್ತಿದ್ದರು. ಅಳಿಯನ ಮಾನ ದಿನಕ್ಕೆರಡು ಸಲ ಜೀಬ್ರಾ ಕ್ರಾಸಿಂಗಿನ ಮೇಲೆ ಓಡಾಡುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು.

"ಅಳಿಯಂದ್ರ, ನಿಮ್ಮ ವಾರ್ಡಿನ್ಯಾಗ ಮೆಂಬರ್ ಅಂಬೋರು ಅದಾರೋ ಇಲ್ಲೋ?" ಎಂದರು ಒಂದು ದಿನ. "ಮನಿಗೆ ಕರಸ್ರಿ. ಒಂದು ಶಾಲು ಹೊದ್ಸಿದ್ರ ಕೆಲಸ ಆಗ್ತೈತಿ."

ಅರ್ಜಿ ಬರೆದು ನಮ್ಮ ಬದಿಯ ಎಲ್ಲ ಮನೆಗಳ ಸಹಿ ಹಾಕಿಸಿದೆ. ಕೌನ್ಸಿಲರ್ ಬಂದೇ ಬಂದರು: ಬಿಳಿಗೂದಲಿನ, ಮೆದು ಮಾತಿನ ಇಂಗ್ಲಿಷ್ ಹೆಂಗಸು. ನನ್ನ ಹೆಂಡತಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಹೋಳಿಗೆ ಬಡಿಸಿದಳು. ತೆಗೆದರೆ ಅವಮರ್ಯಾದೆಯೆಂದುಕೊಂಡು ಆ ಪುಣ್ಯಾತ್ಗಿತ್ತಿ ಜುಲೈ ಸೆಕೆಯಲ್ಲಿ ಶಾಲು ಹೊದ್ದುಕೊಂಡೇ, ಚಾಕು ಮುಳ್ಳುಚಮಚದಿಂದ ಹೋಳಿಗೆ ತಿಂದರು. ಆಮೇಲೆ ಬೆವರೊರೆಸಿಕೊಳ್ಳುತ್ತ ವಿವರಿಸಿದರು: ಕೇಬಲ್ ಪರವಾನಗಿ ಕೊಡುವುದು ಕೌನ್ಸಿಲ್ ಅಲ್ಲ, ಅದಕ್ಕೆ ಸರಕಾರದ ಬೇರೆಯೇ ಆಯೋಗ ಇದೆ, ಒಂದು ಪ್ರದೇಶಕ್ಕೆ ಒಂದೇ ಕಂಪನಿ, ಕೌನ್ಸಿಲ್ಲಿನ ಕೈಯಲ್ಲಿರುವುದು ರಸ್ತೆ, ಫುಟ್‌ಪಾತು ಅಷ್ಟೇ.

"ಅಧಿಕಾರ ಇಲ್ಲಂದ್ರ ಮೆಂಬರ್ ಆಗಿ ಏನ್ ಮಾಡ್ತಾಳ್ರೀ ಈಕಿ?" ಎಂದರು ಮಾವನವರು. ಅವರು ನಿಮ್ಮ ಸರಳತೆಯನ್ನು ಮೆಚ್ಚಿಕೊಂಡಿದ್ದಾರೆ ಎಂದು ನಾನು ಇಂಗ್ಲಿಷಿಗೆ ಅನುವಾದಿಸಿದೆ.

ಇಷ್ಟು ಸತ್ಕಾರ ಮಾಡಿಸಿಕೊಂಡು ಸುಮ್ಮನೆ ಹೋಗುವುದು ಆಕೆಗೂ ಸಂಕಟವಾಗಿರಬೇಕು. ತಮ್ಮ ಕೈಲಾಗುವುದು ಬೇರೇನಾದರೂ ಇದೆಯೇ ಎಂದು ಬಾಗಿಲಲ್ಲಿ ಕೇಳಿದರು. ದಾಕ್ಷಿಣ್ಯಕ್ಕೆ ಏನಾದರೂ ಹೇಳಬೇಕಲ್ಲ, ಫುಟ್‌ಪಾತಿನ ಕಲ್ಲುಗಳು ಅಲುಗಾಡುತ್ತವೆ ಎಂದೆ.

ಎರಡೇ ವಾರದಲ್ಲಿ ನಮ್ಮ ಬದಿಗೆ ಹೊಸ ಫುಟ್‌ಪಾತ್ ಬಂತು. ಅದರ ಬೆನ್ನಿಗೇ ಕೇಬಲ್ ಕಂಪನಿಯವರೂ ಗುದ್ದಲಿ ಹಿಡಿದು ಬಂದರು. ಬಂದವರು ದೀಪದ ಕಂಬದ ಮೇಲಿನ ಕೌನ್ಸಿಲ್ಲಿನ ನೋಟೀಸು ಓದಿ ಹಿಂದಿರುಗಿದರು: ನಿವಾಸಿಗಳ ಕೋರಿಕೆಯ ಮೇರೆಗೆ ಹೊಸದಾಗಿ ಹಾಸಿದ ಈ ಫುಟ್‌ಪಾತನ್ನು ಇನ್ನು ಕೆಲವು ವರ್ಷ ಯಾರೂ ಅಗೆಯುವಂತಿಲ್ಲ. ಯಾವ ನಿವಾಸಿಯ ಕೋರಿಕೆ ಎಂದು ಅಕ್ಕಪಕ್ಕದವರು ಕೇಳಿದಾಗ ನಾನು ಆಕಾಶ ನೋಡಿದೆ.

ಮಾವನವರು ಮಾತ್ರ ನನ್ನ ಕೈಬಿಡಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಭಾಳ ಚೊಲೊ ಕೆಲಸ ಮಾಡ್ಸೀರಿ ಅಳಿಯಂದ್ರ. ಈಗ ಪಟೇಲರ ಮನಿ ಲಗೂನ ಮುಟ್ಟತೀನಿ" ಎಂದರು. ಅಂದು ಟೆಸ್ಟಿನ ಕೊನೆಯ ದಿನ. ನಾನೂ ನನ್ನ ಕೋಟು ಹುಡುಕಿಕೊಂಡು ಅವರ ಹಿಂದೆ ಹೊರಟೆ.