ಸರ್ಕಾರದ ಸಾಲವೂ ನಮ್ಮ ಕಾಕಾನೂ

ಆಗ ನಮ್ಮನ್ನಾಳುತ್ತಿದ್ದ ಹೈದರಾಬಾದ್ ಸರ್ಕಾರ ಸಾಲದಲ್ಲಿ ಮುಳುಗಲು ಕಾರಣ ನಾನು ಹಾಕುತ್ತಿದ್ದ ಒಗ್ಗರಣೆ! ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ, ನಮ್ಮ ಕಾಕಾ ಕಂಡುಹಿಡಿದದ್ದು. ಹೇಗೆ ಅಂತೀರಾ? ಬಹಳ ಸರಳ. ನಮ್ಮ ಅಡುಗೆಮನೆಯ ಕಿಂಡಿ ಪಕ್ಕದ ಮನೆಯ ಮುನ್ಷಿ ಸಾಹೇಬರ ಪಡಸಾಲೆಗೆ ಎದುರಾಗಿತ್ತು. ಮುನ್ಷಿ ಸಾಹೇಬರು ಕಚೇರಿಯ ಕಾಗದಗಳನ್ನು ಮನೆಗೆ ತಂದು ಬೆಳಗಿನ ತಂಪಿನಲ್ಲಿ ಲೆಕ್ಕ ಬರೆಯುವವರು. ಸರಿಯಾಗಿ ಅದೇ ಹೊತ್ತಿಗೆ ನಾನು ತೊಗರಿಬೇಳೆಗೆ ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುತ್ತಿದ್ದೆ. ಘಾಟು ಕಿಂಡಿಯಿಂದ ಹೋಗುತ್ತದೆ, ಸಾಹೇಬರಿಗೆ ಸೀನು ಬರುತ್ತದೆ, ಸೀನಿದಾಗ ಕೈ ಅಲುಗುತ್ತದೆ, ಒಂದು ಸೊನ್ನೆ ಇರುವಲ್ಲಿ ಎರಡು ಬೀಳುತ್ತವೆ. ಆ ಕಾಗದ ಹೈದರಾಬಾದಿಗೆ ಹೋಗಿ, ಅಲ್ಲಿನವರು ಅದನ್ನೇ ನಂಬಿ, ಇಲ್ಲದ ದುಡ್ಡನ್ನು ಇದೆಯೆಂದು ತಿಳಿದು ಖರ್ಚು ಮಾಡುತ್ತಾರೆ. ಇನ್ನು ಸಾಲವಾಗದೆ ಏನಾದೀತು?

ಕಾಕಾ ಅಂದರೆ ನಮ್ಮ ಮನೆಯವರ ಚಿಕ್ಕಪ್ಪ. ನಾನು ಕಮಲಾಪುರದಿಂದ ಮದುವೆಯಾಗಿ ಕಲಬುರಗಿಗೆ ಬರುವ ಮೊದಲೇ ನಮ್ಮ ಮಾವನವರು ತೀರಿಕೊಂಡಿದ್ದರು. ಮಕ್ಕಳಿಲ್ಲದ ಕಾಕಾ ಮತ್ತು ಕಾಕೀನೇ ನಮ್ಮ ಮನೆಯವರನ್ನು ಸಾಕಿ ದೊಡ್ಡವರನ್ನು ಮಾಡಿದ್ದರು. ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಕಾಕಾರದು ತೊಗರಿಯ ಅಡತಿ ಅಂಗಡಿ. ರೈತರು ತಂದ ಕಾಳನ್ನು ಮಾರಿಸಿಕೊಡುವ ಕೆಲಸ. ಕಾಕಾರಿಗೆ ಊಟಕ್ಕೆ ಕಡಿಮೆಯಿರಲಿಲ್ಲ, ಉಡಲು ಕಡಿಮೆಯಿರಲಿಲ್ಲ. ಚಿಂತೆ ಮಾತ್ರ ಸ್ವಲ್ಪ ಕಡಿಮೆಯಿತ್ತು. ಆ ಕೊರತೆಯನ್ನು ಮುನ್ಷಿ ಸಾಹೇಬರು ತುಂಬಿಕೊಟ್ಟರು.

ಸಾಹೇಬರ ಮನೆಗೆ ಹೈದರಾಬಾದಿನಿಂದ ಒಂದು ಉರ್ದು ಪತ್ರಿಕೆ ಬರುತ್ತಿತ್ತು. ಯುಗಾದಿ ಮುಗಿದ ವಾರವಿರಬೇಕು, ಕಟ್ಟೆಯ ಮೇಲೆ ಕೂತು ಅದನ್ನು ಓದುತ್ತ, “ಕಾಕಾ, ಸರ್ಕಾರಕ್ಕ ಕರ್ಜ ಆಗ್ಯದಂತ” ಅಂದರು. ಅವರು ಹೇಳಿದ್ದು ಹವಾಮಾನ ಹೇಳಿದಷ್ಟೇ ತಣ್ಣಗೆ.

“ಯಾರು ಮಾಡ್ಯಾರ್ರಿ ಸಾಹೇಬರ?” ಅಂದರು ಕಾಕಾ.

“ಯಾರು ಅಂತ ಬರದಿಲ್ಲ. ಆಗ್ಯದ ಅಂತ ಬರದದ, ಅಷ್ಟೇ.”

“ಹಂಗ ಹ್ಯಾಂಗ ಆಗತದ್ರಿ? ತಾನಽ ಆಗಾಕ ಅದೇನು ಮಳಿ ಏನು? ಯಾರೋ ಮಾಡಿರಬೇಕಲ್ಲ.”

ಆ ಪತ್ರಿಕೆ ಬರೆದದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ತಹಕೀಕಾತ್ ಶುರುವಾಯಿತು. ಪೊಲೀಸರು ಮಾಡುವಂಥ ವಿಚಾರಣೆ, ಪೊಲೀಸರಿಲ್ಲದೆ.

ಮೊದಲು ಸಿಕ್ಕಿಬಿದ್ದದ್ದು ಚಹಾ. ಚಹಾದ ಪುಡಿ ಎಲ್ಲಿಂದಲೋ ಬರುತ್ತದೆ, ನಮ್ಮ ದುಡ್ಡು ಎಲ್ಲಿಗೋ ಹೋಗುತ್ತದೆ ಎಂದು ಹೇಳಿ ಕಾಕಾ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. ನಾವು ಹೆಂಗಸರು ತಲೆನೋವು ಕಟ್ಟಿಕೊಂಡು ನಾಲ್ಕು ದಿನ ಸುಮ್ಮನಿದ್ದೆವು. ಐದನೆಯ ದಿನ ಅಡುಗೆಮನೆಯ ಕಿಂಡಿಯಿಂದ ನೋಡುತ್ತೇನೆ, ಕಾಕಾ ಮುನ್ಷಿ ಸಾಹೇಬರ ಪಡಸಾಲೆಯಲ್ಲಿ ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ ಎಂದು ಹೀರುತ್ತಿದ್ದಾರೆ. ಕಾಕಿಗೆ ತೋರಿಸಿದೆ. ಮನೆಗೆ ಬಂದ ಮೇಲೆ ಅವರು ಕೇಳಿಯೇಬಿಟ್ಟರು.

“ಏನ್ರಿ, ಸರ್ಕಾರದ ಸಾಲ ತೀರಿತೇನು?”

“ಅದು ಸಾಹೇಬರ ಮನಿ ಚಹಾ” ಅಂದರು ಕಾಕಾ, ಮೀಸೆ ಒರೆಸಿಕೊಳ್ಳುತ್ತ. “ಅದರ ಪಾಪ ಅವರ ಲೆಕ್ಕಕ್ಕ ಬೀಳತದ.”

ಡಬ್ಬಿ ಮರುದಿನ ಅಟ್ಟದಿಂದ ಇಳಿಯಿತು. ಚಹಾ ನಿರ್ದೋಷಿಯಾಯಿತು. ಅದಕ್ಕೆ ಕಾಕಾ ಕೊಟ್ಟ ಕಾರಣ: ಇಷ್ಟು ಒಳ್ಳೆಯ ಪದಾರ್ಥ ಅಂಥ ಕೆಲಸ ಮಾಡಲಾರದು.

ಆಮೇಲೆ ರೈಲು. ಟಿಕೆಟಿಲ್ಲದೆ ಹೋಗುವವರಿಂದಲೇ ಸರ್ಕಾರ ಮುಳುಗುತ್ತಿದೆ ಎಂದು ಅನುಮಾನ ಬಂದು, ಅಂಥವರನ್ನು ಕಣ್ಣಾರೆ ನೋಡಲು ಸ್ಟೇಶನ್ನಿಗೆ ಹೋದರು. ಗಾಡಿ ಬಂತು, ಜನ ಇಳಿದರು, ಕಾಕಾ ಒಬ್ಬೊಬ್ಬರ ಮುಖವನ್ನೂ ಪರೀಕ್ಷಿಸಿದರು. ಎಲ್ಲರ ಹತ್ತಿರವೂ ಟಿಕೆಟಿತ್ತು. ಬಾಗಿಲಲ್ಲಿ ನಿಂತ ಬಾಬು ಕೊನೆಗೆ ಉಳಿದವರ ಹತ್ತಿರ ಬಂದು ಕೈ ಚಾಚಿದ. ಕೊನೆಗೆ ಉಳಿದವರು ಕಾಕಾ! ಒಳಗೆ ಬಂದು ನಿಲ್ಲುವುದಕ್ಕೂ ಒಂದು ಚೀಟಿ ಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ದಂಡ ಕೊಟ್ಟು ಬಂದರು. ಬೇಸರವಾಗಿದೆಯೋ ಎಂದು ನಾನು ಬೆಲ್ಲ ನೀರು ತಂದಿಟ್ಟರೆ, ಅವರ ಮುಖದಲ್ಲಿ ಹುಣ್ಣಿಮೆ.

“ನೋಡವಾ ತಂಗಿ, ನಿಂತವರ ಹತ್ರಾನೂ ರೊಕ್ಕ ಕೇಳಾಕತ್ತಾರ. ಅಂದ್ರ ಸಾಲ ಆಗಿದ್ದು ಖರೇ ಅದ.”

ಹೀಗೆ ಬೇಸಿಗೆಯುದ್ದಕ್ಕೂ ಒಬ್ಬೊಬ್ಬರೇ ಆರೋಪಿಗಳು ಬಂದು ಹೋದರು. ಸೀಮೆಎಣ್ಣೆ, ಕಡ್ಡಿಪೆಟ್ಟಿಗೆ, ಅಂಗಿಯ ಗುಂಡಿ, ಕಾಕಿಯ ಅಡಕೆ, ನನ್ನ ಒಗ್ಗರಣೆ. ಒಗ್ಗರಣೆಯ ವಿಷಯದಲ್ಲಿ ಮುನ್ಷಿ ಸಾಹೇಬರೇ ಬಂದು ಸಾಕ್ಷಿ ಹೇಳಿದ್ದರಿಂದ ನಾನು ಉಳಿದೆ. “ಅರೆ ಕಾಕಾ, ಆ ಖುಷ್ಬೂ ಬಂದ್ರಽ ನನಗ ಲೆಕ್ಕ ಸರಿ ಕೂಡತದ. ಬಂದ್ ಮಾಡಿಸಬ್ಯಾಡ್ರಿ” ಅಂದರು, ಪುಣ್ಯಾತ್ಮರು. ಕಾಕಿ ಮಾತ್ರ ಬೀಸುವ ಕಲ್ಲಿನ ಮುಂದಿನಿಂದಲೇ ಹೇಳುತ್ತಿದ್ದರು: “ಸರ್ಕಾರದ ಸಾಲಕ್ಕ ನೀವು ಊಟ ನಿದ್ದಿ ಬಿಟ್ಟೀರಿ. ಸರ್ಕಾರ ನಿಮಗೇನು ಬಡ್ಡಿ ಕೊಡತದೇನು?”

ಇಷ್ಟರವರೆಗೆ ನಾವೆಲ್ಲ ನಗುತ್ತಲೇ ಇದ್ದೆವು. ನಗು ನಿಂತದ್ದು ಬಾಳೆಹಣ್ಣಿನಿಂದ.

ನಮ್ಮ ಅಪ್ಪನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ಆ ಹಣ್ಣನ್ನು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ, ಒಂದು ಹಣ್ಣು ಒಂದು ಊಟ. ಹುಲ್ಲಿನಲ್ಲಿ ಮುಚ್ಚಿಟ್ಟರೂ ಓಣಿಯ ತುದಿಯಲ್ಲಿ ನಿಂತವರಿಗೆ ಯಾರ ಮನೆಗೆ ಬಂದಿದೆ ಎಂದು ತಿಳಿಯುತ್ತಿತ್ತು. ಅಪ್ಪ ವರ್ಷಕ್ಕೆರಡು ಸಲ ಬಂಡಿಯಲ್ಲಿ ಗೊನೆ ಹೇರಿಕೊಂಡು ಮಗಳ ಮನೆಗೆ ಬರುವರು. ಆ ಸಲವೂ ಬಂದರು. ಕಾಲಿಗೆ ನೀರು ಕೊಟ್ಟೆ, ಕಂಬಳಿ ಹಾಸಿದೆ, ಒಳಗೆ ಹೋಳಿಗೆಯ ಕಣಕ ಕಲಸುತ್ತಿದ್ದೆ. ಹೊರಗೆ ಅಪ್ಪ ಸಂತೋಷದಲ್ಲಿ ಹೇಳುತ್ತಿದ್ದರು: “ಈ ಸಲ ಊರೂರಿನ ಲೆಕ್ಕದ ದಫ್ತರ ನೋಡಾಕ ದೌರೆಕ್ಕ ಬಂದ ದೊಡ್ಡ ಸಾಹೇಬರಿಗೆ ಒಂದು ಗೊನಿ ಕೊಟ್ಟೇನ್ರಿ. ಎರಡು ಹಣ್ಣು ತಿಂದು, ನಮ್ಮ ಕಟ್ಟಿಮ್ಯಾಗಽ ಆರಾಮ ಮಲಕೊಂಡ್ರು.”

ಕಾಕಾ ನೆಟ್ಟಗೆ ಕೂತದ್ದು ಒಳಗಿದ್ದ ನನಗೂ ಗೊತ್ತಾಯಿತು. ಯಾಕೆಂದರೆ ಅಡಕೆ ಕತ್ತರಿಸುವ ಸಪ್ಪಳ ನಿಂತಿತ್ತು.

“ಮಲಕೊಂಡ್ರೇನ್ರಿ?”

“ಹೂನ್ರಿ, ಸಂಜಿತನ.”

“ಮತ್ತ ದಫ್ತರ ಯಾರು ನೋಡಿದ್ರು?”

“ನಾಳಿ ನೋಡೂಣಂದ್ರು. ಮುಂಜಾನಿ ಮತ್ತೆರಡು ತಿಂದ್ರು.”

“ಸಿಕ್ತು ಬೀಗರ, ಸಿಕ್ತು. ಊರೂರು ಸಾಹೇಬರು ನಿಮ್ಮ ಹಣ್ಣು ತಿಂದು ಮಲಗಾಕತ್ತಾರ. ದಫ್ತರ ನೋಡವರಿಲ್ಲ. ಸರ್ಕಾರ ಯಾಕ ಮುಳಗಬಾರದು?”

ಅಪ್ಪನ ದನಿ ಏರಿತು: “ಅಂದ್ರ ಹೈದರಾಬಾದ ಮುಳುಗಿಸಿದಾಂವ ನಾನು ಅಂತೀರೇನು?”

“ನೀವಲ್ರಿ. ನಿಮ್ಮ ಬಾಳಿಹಣ್ಣು.”

“ಈ ಬಾಳಿ ನಾ ಮಗಳ ಹಂಗ ಬೆಳಿಸೀನಿ” ಅಂದರು ಅಪ್ಪ, ಎದ್ದು ನಿಂತು. “ತಪ್ಪು ಯಾರದು ಅಂತ ತೀರೂತನ ನನ್ನ ಬಂಡಿ ಈ ಬಾಗಿಲಿಗೆ ನಿಲ್ಲೂದಿಲ್ಲ.”

ಎತ್ತಿಗೆ ಹಾಕಿದ ಹುಲ್ಲನ್ನೂ ತಿನ್ನಲು ಬಿಡದೆ ಬಂಡಿ ಕಟ್ಟಿಸಿದರು. ಹೋಳಿಗೆಯ ಕಣಕ ಕಲಸಿದಲ್ಲೇ ಉಳಿಯಿತು. ಇಳಿಸಿದ ಗೊನೆಗಳು ಮತ್ತೆ ಏರಿದವು. ಕೈ ಹಿಟ್ಟು ಮಾಡಿಕೊಂಡು ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಂಡಿ ತಿರುವು ದಾಟಿತ್ತು.

ನಮ್ಮ ಕಡೆ ಒಂದು ರೂಢಿ ಇದೆ. ಬೀಗರು ಹೀಗೆ ಉಣ್ಣದೆ ಎದ್ದು ಹೋದರೆ, ತಪ್ಪಿದವರು ತಾವಾಗಿ ಅವರ ಹೊಸ್ತಿಲಿಗೆ ಹೋಗಿ ತಪ್ಪು ನಮ್ಮದು ಅನ್ನಬೇಕು. ಅಲ್ಲಿಯವರೆಗೆ ಎರಡೂ ಮನೆಯವರು ಒಬ್ಬರ ನೀರು ಒಬ್ಬರು ಕುಡಿಯುವಂತಿಲ್ಲ. ಬದಲಿ ಮನುಷ್ಯ ನಡೆಯುವುದಿಲ್ಲ. ನಮ್ಮ ಮನೆಯವರು ಒಮ್ಮೆ ಹೋಗಿ ನೋಡಿದರು. ಅಪ್ಪ ಪ್ರೀತಿಯಿಂದಲೇ ಮಾತಾಡಿಸಿ, “ಅಳಿಯಂದ್ರ, ಆಡಿದವರು ಬರಲಿ” ಎಂದು ಕಳಿಸಿದರಂತೆ. ಇತ್ತ ಕಾಕಾ, “ನಾ ಏನು ಸುಳ್ಳು ಹೇಳೀನಿ? ತಹಕೀಕಾತದಾಗ ಬೀಗರು ಅಂತ ಬಿಡಾಕ ಬರತದೇನು?” ಅನ್ನುವರು. ಸರ್ಕಾರದ ಸಾಲಕ್ಕೆ ಕಾರಣ ಸಿಕ್ಕಿತು ಎಂಬ ಸಮಾಧಾನದಲ್ಲಿ ಹೊಟ್ಟೆ ತುಂಬ ಉಣ್ಣತೊಡಗಿದ್ದರು ಬೇರೆ!

ಆಷಾಢ ಕಳೆಯಿತು. ಶ್ರಾವಣ ಹತ್ತಿರ ಬಂತು. ಶ್ರಾವಣವೆಂದರೆ ಪಂಚಮಿ, ಪಂಚಮಿ ಎಂದರೆ ತವರು. ಮದುವೆಯಾಗಿ ಆರು ವರ್ಷ, ಒಂದು ಪಂಚಮಿಗೂ ನಾನು ಕಮಲಾಪುರ ತಪ್ಪಿಸಿದವಳಲ್ಲ. ನಾಲ್ಕು ದಿನ ಮೊದಲೇ ನಮ್ಮಣ್ಣ ಬಂಡಿ ತಂದು ನಿಲ್ಲಿಸುತ್ತಿದ್ದ. ಈ ಸಲ ಓಣಿಯಲ್ಲಿ ಎಲ್ಲರ ಅಣ್ಣಂದಿರೂ ಬಂದರು. ಒಬ್ಬಳು ಹೊಸ ಇಳಕಲ್ ಸೀರೆ ಉಟ್ಟು ಹೇಳಿ ಹೋದಳು, ಇನ್ನೊಬ್ಬಳು ಉಂಡಿಯ ಬುಟ್ಟಿ ತೋರಿಸಿ ಹೋದಳು. ನಾನು ಯಾವಾಗಿನಂತೆ ಜೋಳದ ಅಳ್ಳು ಹುರಿದೆ, ಶೇಂಗಾ ಉಂಡಿ ಕಟ್ಟಿದೆ, ಕಟ್ಟಿದ್ದನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಅಳುವ ಸ್ವಭಾವ ನನ್ನದಲ್ಲ. ಬಂಡಿಯ ಗೆಜ್ಜೆ ಕೇಳಿದಾಗಲೆಲ್ಲ ಬಾಗಿಲಿಗೆ ಹೋಗಿ, ಹೋದದ್ದಕ್ಕೆ ಒಂದು ನೆಪ ಬೇಕಲ್ಲ ಎಂದು, ಕಟ್ಟೆ ಗುಡಿಸಿ ಬರುತ್ತಿದ್ದೆ.

ಕಾಕಿ ಒಂದು ಮಧ್ಯಾಹ್ನ ಕಾಕಾರ ತಾಟಿಗೆ ರೊಟ್ಟಿ ಹಾಕುತ್ತ ಅಂದರು, “ಇವತ್ತು ಆ ಹುಡುಗಿ ಕಟ್ಟಿ ಎಷ್ಟು ಸಲ ಗುಡಿಸ್ಯಾಳ ಗೊತ್ತದೇನ್ರಿ?”

“ಎಷ್ಟು?”

“ಒಂಬತ್ತು ಸಲ. ಕಸಾ ಇಲ್ಲ ಅಲ್ಲಿ.”

ಕಾಕಾ ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಕಾಕಾ ಇಲ್ಲ. ಅವರ ಕೊಡೆಯೂ ಇಲ್ಲ. ಬಾಡಿಗೆ ಬಂಡಿ ಮಾಡಿಕೊಂಡು ಹೊರಟರು ಎಂದು ಮುನ್ಷಿ ಸಾಹೇಬರು ಹೇಳಿದರು. ಎಲ್ಲಿಗೆ ಎಂದು ಅವರಿಗೂ ಹೇಳಿರಲಿಲ್ಲ. “ಹೈದರಾಬಾದಿಗಽ ಹೋಗ್ಯಾರೋ ಏನೋ. ದರಬಾರದಾಗ ಅಡಕಿ ಮ್ಯಾಲ ಫಿರ್ಯಾದ ಕೊಡಾಕ” ಅಂದರು ಕಾಕಿ. ದನಿಯಲ್ಲಿ ಮಾತ್ರ ಎಂದಿನ ಖಾರ ಇರಲಿಲ್ಲ.

ಎರಡನೆಯ ದಿನ ಸಂಜೆ ಮನೆಯ ಮುಂದೆ ಬಂಡಿ ನಿಂತಿತು. ಇಳಿದವನು ನಮ್ಮಣ್ಣ! ಅವನ ಹಿಂದೆ, ಗೊನೆಗಳ ನಡುವೆ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ ನಮ್ಮ ಕಾಕಾ.

ಅಣ್ಣ ಕಟ್ಟೆಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದ. ಕಾಕಾ ಹೊರಟ ದಿನ ಸಂಜೆ ಮಳೆಯಲ್ಲಿ ನಮ್ಮ ತವರಿನ ಅಂಗಳಕ್ಕೆ ಹೋಗಿ ನಿಂತು, ಓಣಿಯವರಿಗೆಲ್ಲ ಕೇಳುವಂತೆ, “ಬೀಗರ, ತಹಕೀಕಾತ್ ಮುಗೀತು. ಸರ್ಕಾರದ ಸಾಲಕ್ಕ ಕಾರಣ ನಾನು. ತಪ್ಪು ನಂದು” ಅಂದರಂತೆ.

ಅಪ್ಪ ಗಾಬರಿಯಾಗಿ, “ನೀವು ಹ್ಯಾಂಗ್ರಿ?” ಅಂದರಂತೆ.

“ಯಾರ ತಪ್ಪು ಯಾರ ತಪ್ಪು ಅಂತ ಊರು ತಿರಗಿದೆ, ಅಂಗಡ್ಯಾಗ ಕೂಡಲಿಲ್ಲ. ರೈತರ ತೊಗರಿ ಹಂಗಽ ಉಳೀತು. ತೊಗರಿ ಮಾರಲಿಲ್ಲಂದ್ರ ಅವರು ಕಂದಾಯ ಎಲ್ಲಿಂದ ಕಟ್ಟಬೇಕು? ಕಂದಾಯ ಬರಲಿಲ್ಲಂದ್ರ ಸರ್ಕಾರ ಏನು ಮಾಡಬೇಕು? ಸಾಲ ಮಾಡಬೇಕು.”

“ಸಾಲದ ಸುದ್ದಿ ಬಂದ ಮ್ಯಾಲಲ್ಲೇನ್ರಿ ನೀವು ತಿರಗಾಕ ಹತ್ತಿದ್ದು?”

ಕಾಕಾ ಒಂದು ಗಳಿಗೆ ಯೋಚಿಸಿದರಂತೆ. “ಹೌದು. ಮದಲಿನ ಸಾಲ ಯಾರದೋ. ಮ್ಯಾಲಿಂದು ಪೂರ್ತಿ ನಂದು.”

ಅಪ್ಪ ನಗು ತಡೆಯಲಾರದೆ ಒಳಗೆ ಕರೆದು ನೀರು ಕೊಟ್ಟರಂತೆ. ಕಾಕಾ ನೀರು ಕುಡಿದು, ಊಟ ಮಾಡಿ, ಮೂರು ಬಾಳೆಹಣ್ಣು ತಿಂದು ಮಲಗಿದವರು ಬೆಳಗ್ಗೆ ಎಬ್ಬಿಸಿದರೂ ಏಳಲಿಲ್ಲವಂತೆ. ಎತ್ತಿ ಬಂಡಿಗೆ ಹಾಕಿಕೊಂಡು ಬರಬೇಕಾಯಿತು. ಅಷ್ಟರಲ್ಲಿ ಬಂಡಿಯೊಳಗಿನಿಂದ ಕಾಕಾ ಒಂದೇ ಕಣ್ಣು ತೆರೆದು, “ನಾ ಹೇಳಿದ್ದಿಲ್ಲೇನು, ಈ ಹಣ್ಣಿಗೆ ನಿದ್ದಿ ಬರತದ ಅಂತ?” ಅಂದು ಮತ್ತೆ ಮುಚ್ಚಿದರು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮರುದಿನ ಮಬ್ಬು ಹರಿಯುವ ಮೊದಲೇ ನಾನು ಹೊರಟೆ. ಕಾಕಾ ಊರ ಹೊರಗೆ ತಾಜಸುಲ್ತಾನಪುರದ ದಾರಿ ಸಿಗುವವರೆಗೂ ಬಂಡಿಯ ಪಕ್ಕ ನಡೆದು ಬಂದರು. ಕೇಳಬಾರದಿತ್ತು, ಆದರೂ ಕೇಳಿದೆ.

“ಕಾಕಾ, ಖರೇ ಹೇಳ್ರಿ. ಯಾರದ್ರಿ ತಪ್ಪು?”

“ಯಾರದರೆ ಇರಲಿ, ಬಿಡವಾ. ಸರ್ಕಾರ ದೊಡ್ಡದು, ತಡಕೊಂತದ” ಅಂದರು ಕಾಕಾ, ಎತ್ತಿನ ಬೆನ್ನು ಸವರುತ್ತ. “ನೀ ಪಂಚಮಿ ದಿನ ಕಟ್ಟಿ ಗುಡಿಸಿದ್ರ ತಡಕೊಳ್ಳೂ ತಾಕತ್ತು ನಮ್ಮ ಮನಿಗಿಲ್ಲ.”

ಪಂಚಮಿಯ ದಿನ ತೋಟದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನಾನು ಏರಿ ಕೂತಿದ್ದೆ, ಹಿಂದಿನಿಂದ ತಂಗಿ ನೂಕುತ್ತಿದ್ದಳು. ಅವ್ವ ಮಡಿಲಲ್ಲಿ ಅಳ್ಳು ತಂದು ಹತ್ತಿರ ನಿಂತು, ಅಣ್ಣ ಹೇಳದೆ ಬಿಟ್ಟದ್ದನ್ನು ಹೇಳಿದಳು.

“ನಿಮ್ಮ ಕಾಕಾ ಬಂದಾಗ ನಿಮ್ಮಪ್ಪ ಮದಲ ಬೆನ್ನು ತಿರುವಿ ನಿಂತ್ರು. ಆಗ ನಿಮ್ಮ ಕಾಕಾ ಕೊಡಿ ಬದಿಗಿಟ್ಟು, ತಲಿಮ್ಯಾಲಿನ ರುಮಾಲ ಬಿಚ್ಚಿ ನಮ್ಮ ಹೊಸ್ತಿಲ ಮ್ಯಾಲ ಇಟ್ರು. ಬರೇ ತಲಿ, ಮಳಿ ಸುರಿಯಾಕತ್ತಿತ್ತು. ‘ನಮ್ಮ ಮನ್ಯಾಗ ಒಬ್ಬಾಕಿ ಮಗಳಿದಾಳ, ದಾರಿ ನೋಡಾಕತ್ಯಾಳ’ ಅಂದ್ರು. ಆಮ್ಯಾಲ ಸರ್ಕಾರದ ಮಾತು ತಗದ್ರು. ಆ ರುಮಾಲ ನಿಮ್ಮಪ್ಪನಽ ಎತ್ತಿ ಹಿಂಡಿ, ತಮ್ಮ ಕೈಲೆ ಅವರ ತಲಿಗೆ ಸುತ್ತಿದ್ರು.”

ಕಾಲು ನೆಲಕ್ಕೆ ಊರಿ ಜೋಕಾಲಿ ನಿಲ್ಲಿಸಿದೆ.

“ಯಾಕ ಅಕ್ಕಾ, ತಲಿ ತಿರಗತೇನು?” ಅಂದಳು ತಂಗಿ ಹಿಂದಿನಿಂದ.

“ಇಲ್ಲ, ತಡಿ” ಅಂದೆ. “ಸ್ವಲ್ಪ ತಡಿ.”