ನನ್ನ ಮೇಲಿನ ದೂರು, ನನ್ನದೇ ಕೈಬರಹ

ಟೀಕೆಯನ್ನು ಸ್ವಾಗತಿಸುತ್ತೇನೆ ಎನ್ನುವವರನ್ನು ನಂಬಬೇಡಿ. ನಾನೂ ಹಾಗೆ ಹೇಳಿಕೊಂಡೇ ತಿರುಗಿದವನು. ಬೆಳಗಾವಿಯ ಮಹಾಂತೇಶ ನಗರದ ಒಂದು ವೃದ್ಧಾಶ್ರಮಕ್ಕೆ ನಾನು ಮ್ಯಾನೇಜರ್. ಹದಿನೆಂಟು ಜನ ಹಿರಿಯರು, ಒಬ್ಬ ಅಡುಗೆಯಾಕೆ, ಆರೈಕೆಗೆ ಇಬ್ಬರು ಹೆಂಗಸರು, ಮತ್ತು ಎಲ್ಲರಿಗಿಂತ ಹೆಚ್ಚು ಆರೈಕೆ ಬೇಡುವ ಒಂದು ನೀರಿನ ಪಂಪು. ಒಳ್ಳೆಯ ಆಶ್ರಮಕ್ಕೊಂದು ದೂರಿನ ಪೆಟ್ಟಿಗೆ ಇರಬೇಕೆಂದು ಯಾವುದೋ ತರಬೇತಿಯಲ್ಲಿ ಕೇಳಿ ಬಂದವನೇ, ಪಡಸಾಲೆಯಲ್ಲಿ ತಗಡಿನ ಪೆಟ್ಟಿಗೆಯೊಂದನ್ನು ತೂಗುಹಾಕಿಸಿದೆ. ತಿಂಗಳಾದರೂ ಒಂದು ಚೀಟಿ ಬೀಳಲಿಲ್ಲ. ನನ್ನ ಆಡಳಿತಕ್ಕೆ ಇನ್ನೆಂಥ ಪ್ರಮಾಣಪತ್ರ ಬೇಕು ಎಂದು ಮನೆಯಲ್ಲಿ ಬೀಗಿದೆ. ರೊಟ್ಟಿ ಬಡಿಯುತ್ತಲೇ ಹೆಂಡತಿ, "ಅವರಿಗೆ ಕಣ್ಣ ಕಾಣ್ಸೂದಿಲ್ಲ, ಕೈ ನಡಗತಾವ. ಬರಿಯೋರು ಯಾರು?" ಎಂದಳು.

ಹಾಗಾಗಿ ಸಂಜೆ ಚಹಾದ ನಂತರ ನಾನೇ ಕಾಗದ, ಪೆನ್ನು ಹಿಡಿದು ಕುಳಿತೆ. ಮ್ಯಾನೇಜರನ ಮೇಲಿನ ದೂರನ್ನು ಮ್ಯಾನೇಜರನಿಂದಲೇ ಬರೆಸುವ ವ್ಯವಸ್ಥೆ ಜಗತ್ತಿನಲ್ಲಿ ಬೇರೆಲ್ಲಾದರೂ ಇದೆಯೋ ತಿಳಿಯದು. ಬಹಳ ಹೊತ್ತು ಯಾರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಎದುರಿನ ಕುರ್ಚಿ ಎಳೆದುಕೊಂಡವರು ಮೆಹರುನ್ನಿಸಾ; ನಮಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಖಾನಾಪುರದಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಸೂಜಿಗೆ ದಾರ ಪೋಣಿಸಲಾಗದ ಕಾಲ ಬಂದಾಗ ತಾವೇ ವಿಚಾರಿಸಿಕೊಂಡು ನಮ್ಮಲ್ಲಿಗೆ ಬಂದವರು. ಇಡೀ ಆಶ್ರಮದಲ್ಲಿ ಅತ್ಯಂತ ಸಂತೋಷವಾಗಿರುವವರು ಅವರೇ ಎಂದು ನನ್ನ ದೃಢ ನಂಬಿಕೆಯಾಗಿತ್ತು. ಏಕೆಂದರೆ ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಅವರು ದೊಡ್ಡ ದನಿಯಲ್ಲಿ ಮದುವೆಯ ಹಾಡು ಹಾಡುತ್ತಿದ್ದರು. ಆಶ್ರಮ ನೋಡಲು ಬಂದವರನ್ನು ಬೇಕೆಂದೇ ಆ ಹೊತ್ತಿಗೆ ಆ ಕಡೆ ಕರೆದೊಯ್ದು, "ಕೇಳ್ರಿ, ಎಷ್ಟ ಖುಷಿಲೆ ಅದಾರ!" ಎನ್ನುತ್ತಿದ್ದೆ.

"ಬರಕೋರಿ ಸಾಹೇಬ್ರ," ಎಂದರು ಖಾಲಾ. "ಬಚ್ಚಲದ ಬಾಗಲಕ್ಕ ಚಿಲಕಾ ಇಲ್ಲ."

ಪೆನ್ನು ನಿಂತಿತು. ಚಿಲಕ ತೆಗೆಸಿದವನು ನಾನೇ. ಹಿಂದೊಮ್ಮೆ ಅಜ್ಜನೊಬ್ಬ ಒಳಗೆ ಜಾರಿ ಬಿದ್ದು, ಬಾಗಿಲು ಒಡೆಯುವಷ್ಟರಲ್ಲಿ ನಮ್ಮೆಲ್ಲರ ಜೀವ ಹೋಗಿ ಬಂದಿತ್ತು. "ಖಾಲಾ, ನಿಮ್ಮ ಛಲೋದಕ್ಕ ಮಾಡಿದ್ದರಿ ಅದು," ಎಂದೆ.

"ಗೊತ್ತೈತಿ. ಅದಕ್ಕ ಇಷ್ಟ ದಿನಾ ಸುಮ್ಮನಿದ್ದೆ. ಆದ್ರ ಸಾಹೇಬ್ರ, ಒಳಗ ನಾ ಅದೀನಿ ಅಂತ ಮಂದಿಗೆ ತಿಳೀಲಿ ಅಂತ ಹಾಡ್ತೀನ್ರಿ. ಉಸುರ ತೊಗೊಳ್ಳಾಕ ನಿಂತ್ರ, ಯಾರರೆ ಬಾಗಲಾ ದೂಡ್ತಾರೇನೋ ಅಂತ ಎದಿ ಢವಢವ ಅಂತೈತಿ. ಗಂಟಲಾ ಕಟ್ಟಿದ ದಿನಾ ಜಳಕಾನ ಮಾಡಂಗಿಲ್ಲ."

ಬರೆದುಕೊಂಡೆ. ಆ ಬಾಗಿಲ ಮುಂದೆ ಎಷ್ಟು ಜನರನ್ನು ನಿಲ್ಲಿಸಿದ್ದೆ ಎಂದು ನೆನೆದು ಮುಖ ಎತ್ತಲಾಗಲಿಲ್ಲ.

ಮರುದಿನವೇ ಅನಗೋಳದಿಂದ ಬಡಗಿಯನ್ನು ಕರೆಸಿ, ಒಳಗಿನಿಂದ ಹಾಕಿಕೊಂಡರೂ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕ ಹಾಕಿಸಿದೆ. ಅದರ ಮಾರನೆಯ ಬೆಳಿಗ್ಗೆ ಖಾಲಾ ಒಳಹೋಗಿ ಟಕ್ಕೆಂದು ಚಿಲಕ ಹಾಕಿಕೊಂಡರು. ಹಾಡಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ಸದ್ದೂ ನಿಂತಿತು. ಈಗ ಎದೆ ಢವಢವ ಎನ್ನುವ ಸರದಿ ನನ್ನದು.

"ಖಾಲಾ, ಆರಾಮ ಅದೀರಿಲ್ಲ?"

"ಅದೀನ್ರಿ."

"ಆತೇನ್ರಿ?"

"ಇನ್ನೂ ಇಲ್ಲ!"

ನಾಲ್ಕನೇ ಸಲ ಉತ್ತರವೇ ಬರಲಿಲ್ಲ. ಆರೈಕೆಯ ಹೆಂಗಸನ್ನು ಕೂಗಿ ಕರೆದು, ಜೇಬಿನಲ್ಲಿ ನಾಣ್ಯ ಹುಡುಕುತ್ತಿರುವಾಗ ಬಾಗಿಲು ತೆರೆಯಿತು. ಒದ್ದೆ ತಲೆಗೆ ಸೆರಗು ಹೊದ್ದ ಖಾಲಾ ನನ್ನನ್ನು ಒಮ್ಮೆ ನೋಡಿ, ತಮ್ಮ ಕೋಣೆಗೆ ನಡೆದುಹೋದರು.

ಅಂದು ಸಂಜೆ ಕುರ್ಚಿ ಎಳೆದುಕೊಂಡವರಲ್ಲಿ ಅವರೇ ಮೊದಲಿಗರು. ಹಿಂದೆ ಇನ್ನೂ ನಾಲ್ವರು ಕಾಯುತ್ತಿದ್ದರು.

"ಬರಕೋರಿ. ಇಲ್ಲೆ ಒಬ್ಬ ಗಂಡಸು ಬಚ್ಚಲದ ಮುಂದ ನಿಂತು ಒಂದ ಸವನ ಹೆಣ್ಣಮಕ್ಕಳನ್ನ ಮಾತಾಡಸ್ತಾನ. ಸಮಾಧಾನಲೆ ಜಳಕಾ ಮಾಡಾಕ ಬಿಡಂಗಿಲ್ಲ."

"ಅವನ ಹೆಸರು?" ಎಂದೆ ಮೆಲ್ಲಗೆ.

"ನಿಮಗ ಗೊತ್ತೈತಿ. ಬರೀರಿ."

ಪೂರ್ತಿ ಹೆಸರು ಬರೆದೆ. ಓದಿ ಹೇಳಿ ಎಂದರು. ಓದಿದೆ. ಖಾಲಾಗೆ ಕಣ್ಣು ಮಂಜು, ಕಿವಿಯಲ್ಲ.

"'ಒಂದ ಸವನ' ಅನ್ನೂದು ಬಿಟ್ಟೀರಿ," ಎಂದರು.

ಸೇರಿಸಿದೆ.